ಅಮೆರಿಕದ ಒಳಲೋಕಗಳನ್ನು ಕುರಿತ ಪತ್ರಿಕಾ ಪ್ರಬಂಧಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಉಪಸಂಸ್ಕೃತಿಗಳನ್ನು, ಅಂದರೆ ದೊಡ್ಡ ಸಮಾಜದೊಳಗೇ ತಮ್ಮದೊಂದು ಲೋಕ ಕಟ್ಟಿಕೊಂಡ ಗುಂಪುಗಳನ್ನು ಕುರಿತು ಅಲ್ಲಿನ ಪತ್ರಿಕೆಗಳಲ್ಲಿ ಬಂದ ದೀರ್ಘ ಪ್ರಬಂಧಗಳನ್ನು ಕೆಲವು ಗೆಳೆಯರೊಂದಿಗೆ ಕೂತು ಓದುತ್ತ, ಆಗೀಗ ಒಂದೊಂದನ್ನು ಕನ್ನಡಕ್ಕೆ ತರಲು ಹೆಣಗುತ್ತ ಬಂದಿದ್ದೇನೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸರಳವಾದವು ಮೊದಲು, ತೊಡಕಿನವು ಆಮೇಲೆ.

## ಮೊದಲ ಪರಿಚಯ

ಉಪಸಂಸ್ಕೃತಿ ಅಂದರೆ ನಮ್ಮ ಕಡೆಯ ಜಾತಿ, ಪಂಗಡ ಇದ್ದ ಹಾಗೇನಾ?

ಹೋಲಿಕೆ ಅರ್ಧ ಸರಿ. ತನ್ನದೇ ಮಾತು, ತನ್ನದೇ ವೇಷ, ಒಳಗಿನವರು ಯಾರು ಹೊರಗಿನವರು ಯಾರು ಎಂಬ ಖಚಿತವಾದ ಲೆಕ್ಕ, ಹಿರಿಯ ಕಿರಿಯರ ಶ್ರೇಣಿ, ಕಟ್ಟಳೆ ಮೀರಿದವರನ್ನು ಹೊರಗಿಡುವ ಕ್ರಮ, ಇವೆಲ್ಲ ಎರಡರಲ್ಲೂ ಇವೆ. ವ್ಯತ್ಯಾಸವಿರುವುದು ಬಾಗಿಲಲ್ಲಿ. ಜಾತಿಯೊಳಗೆ ಹುಟ್ಟಬೇಕು, ಮೋಟಾರ್‌ಸೈಕಲ್ ಗುಂಪಿಗೋ, ಆರ್ಕಿಡ್ ಸಂಗ್ರಹಿಸುವವರ ಕೂಟಕ್ಕೋ, ವ್ಯಾನಿನಲ್ಲೇ ಮನೆ ಮಾಡಿಕೊಂಡು ಊರೂರು ಸುತ್ತುವವರ ಸಾಲಿಗೋ ತಾನಾಗಿ ಸೇರಬಹುದು, ಬೇಡವೆನಿಸಿದರೆ ಬಿಟ್ಟು ಬರಬಹುದು. ಹುಟ್ಟಿದ ಊರನ್ನೂ ನೆಂಟರಿಷ್ಟರನ್ನೂ ಬಿಟ್ಟು ಸಾವಿರ ಮೈಲಿ ದೂರ ಹೋಗಿ ನೆಲೆಸುವುದು ಮಾಮೂಲಾಗಿರುವ ದೇಶದಲ್ಲಿ, ಕಳೆದುಕೊಂಡ ಬಳಗವನ್ನು ಜನ ಮತ್ತೆ ಯಾವ ಬಗೆಯಲ್ಲಿ ಕಟ್ಟಿಕೊಳ್ಳುತ್ತಾರೆ ಎಂಬುದೇ ಈ ಪ್ರಬಂಧಗಳ ಒಳಗಿನ ವಸ್ತು ಎಂಬುದು ನನ್ನ ತಿಳಿವಳಿಕೆ. ಇಷ್ಟಾಗಿಯೂ ಈ ಗೆರೆ ಎಲ್ಲ ಕಡೆಯೂ ಸ್ವಚ್ಛವಾಗಿಲ್ಲ. ಹುಟ್ಟಿನಿಂದ ಬಂದ ಗುರುತೂ ಆರಿಸಿಕೊಂಡ ಕಸುಬೂ ಬೆಸೆದುಕೊಂಡ ಗುಂಪುಗಳೂ ಇವೆ. ಅವುಗಳ ಬಗ್ಗೆ ಬಂದ ಬರಹಗಳೇ ಬಹುತೇಕ ಹೆಚ್ಚು ಗಟ್ಟಿಯಾಗಿವೆ.

ಇದು ಸುದ್ದಿಯೋ, ಪ್ರಬಂಧವೋ, ಕಥೆಯೋ? ಒಂದು ಹೆಸರು ಹೇಳಿ.

ಕನ್ನಡ ಪತ್ರಿಕೆಗಳಲ್ಲಿ ನುಡಿಚಿತ್ರ ಎನ್ನುವುದರ ದೂರದ ಅಣ್ಣ ಎನ್ನಬಹುದು, ಆದರೆ ಅಳತೆ ಬೇರೆ. ನಮ್ಮ ನುಡಿಚಿತ್ರ ಅರ್ಧ ಪುಟ ತುಂಬಿದರೆ ಹೆಚ್ಚು. ಇವು ಹತ್ತು ಸಾವಿರ ಪದ ದಾಟುವುದು ಅಪರೂಪವಲ್ಲ. ಸಂಗತಿಗಳ ಮಟ್ಟಿಗೆ ಇದು ವರದಿ: ಹೆಸರು, ಊರು, ಆಡಿದ ಮಾತು ಎಲ್ಲವೂ ನಿಜವಾಗಿರಬೇಕು. ಕಟ್ಟೋಣದ ಮಟ್ಟಿಗೆ ಕಥೆ: ದೃಶ್ಯಗಳಿರುತ್ತವೆ, ಪಾತ್ರಗಳು ಬೆಳೆಯುತ್ತವೆ. ಬರೆದವರ ಮನಸ್ಸು ಕಾಣುವ ಮಟ್ಟಿಗೆ ಪ್ರಬಂಧ. ನಾನು ‘ಪತ್ರಿಕಾ ಪ್ರಬಂಧ’ ಎಂದು ಕರೆಯುತ್ತ ಬಂದಿದ್ದೇನೆ. ಇದಕ್ಕಿಂತ ಒಳ್ಳೆಯ ಹೆಸರು ಯಾರಾದರೂ ಕೊಟ್ಟರೆ ಸಂತೋಷದಿಂದ ಬದಲಾಯಿಸಿಕೊಳ್ಳುತ್ತೇನೆ.

ನಮ್ಮ ಪ್ರವಾಸ ಕಥನಗಳಲ್ಲಿ ಅಮೆರಿಕ ಬೇಕಾದಷ್ಟು ಬಂದಿದೆಯಲ್ಲ, ಇದರಲ್ಲಿ ಹೊಸದೇನಿದೆ?

ಬಂದಿದೆ, ಸೊಗಸಾಗಿಯೇ ಬಂದಿದೆ. ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು. ಆದರೆ ಪ್ರವಾಸಿಯ ಕಣ್ಣು ಅತಿಥಿಯ ಕಣ್ಣು. ಅದು ತನ್ನ ಊರನ್ನು ಜೊತೆಯಲ್ಲೇ ಒಯ್ದು, ಹೆಜ್ಜೆ ಹೆಜ್ಜೆಗೂ ಅದರ ಪಕ್ಕದಲ್ಲಿಟ್ಟು ಅಳೆಯುತ್ತದೆ. ಓದುವ ಸುಖ ಇರುವುದೂ ಆ ಹೋಲಿಕೆಯಲ್ಲೇ. ಪತ್ರಿಕಾ ಪ್ರಬಂಧದಲ್ಲಿ ಬರೆಯುವವರು ಆ ದೇಶದವರೇ, ಆದರೂ ತಮ್ಮದೇ ದೇಶದ ಒಂದು ಮೂಲೆಯಲ್ಲಿ ಅವರು ಅಪರಿಚಿತರು. ಮ್ಯಾನ್‌ಹಟನ್‌ನಲ್ಲಿ ಕೆಲಸ ಮಾಡುವ ಲೇಖಕನಿಗೆ ನದಿಯಾಚೆಯ ಬ್ರೂಕ್ಲಿನ್ನಿನ ಒಂದು ಕೇರಿ ಪರದೇಶವಾಗಿಬಿಡುತ್ತದೆ. ‘ಅಮೆರಿಕದವರು ಹೀಗೆ’ ಎಂದು ನಾವು ಸಲೀಸಾಗಿ ಹೇಳುವ ಮಾತು ಈ ಬರಹಗಳನ್ನು ಓದಿದ ಮೇಲೆ ಗಂಟಲಲ್ಲೇ ನಿಲ್ಲುತ್ತದೆ.

ಇಂಥ ಬರವಣಿಗೆ ಅಮೆರಿಕದಲ್ಲೇ ಇಷ್ಟು ಬೆಳೆದದ್ದು ಯಾಕೆ?

ಮುಖ್ಯ ಕಾರಣ ದುಡ್ಡು. 1925ರಲ್ಲಿ ಶುರುವಾದ ‘ನ್ಯೂಯಾರ್ಕರ್’, 1933ರ ‘ಎಸ್ಕ್ವೈರ್’, ಇವಕ್ಕಿಂತ ಎಷ್ಟೋ ಹಳೆಯದಾದ 1850ರ ‘ಹಾರ್ಪರ್ಸ್’, ಇಂಥ ಪತ್ರಿಕೆಗಳ ಬಳಿ ಜಾಹೀರಾತಿನ ಹಣವಿದ್ದ ಕಾಲದಲ್ಲಿ, ಒಬ್ಬ ಲೇಖಕನನ್ನು ತಿಂಗಳುಗಟ್ಟಲೆ ಒಂದೇ ವಿಷಯದ ಹಿಂದೆ ಬಿಡಲು ಸಂಪಾದಕರಿಗೆ ಸಾಧ್ಯವಿತ್ತು. ಎರಡನೆಯದು, ಪಕ್ಕದಲ್ಲೇ ಬೆಳೆದ ಒಂದು ವಿದ್ಯೆ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಕ್ಕೆ ಹೊಸ ದಾರಿ ತೋರಿದ ರಾಬರ್ಟ್ ಪಾರ್ಕ್ ಮೊದಲು ಪತ್ರಿಕಾ ವರದಿಗಾರನಾಗಿದ್ದವರು. ಗ್ರಂಥಾಲಯ ಬಿಟ್ಟು ಬೀದಿಗಿಳಿಯಿರಿ ಎಂದು ವಿದ್ಯಾರ್ಥಿಗಳನ್ನು ಅಟ್ಟಿದವರು. ಆ ಬಳಗದ ನೆಲ್ಸ್ ಆಂಡರ್ಸನ್ ಗೂಡ್ಸ್ ರೈಲು ಹತ್ತಿ ಕೂಲಿ ಹುಡುಕುತ್ತ ಅಲೆಯುವ ‘ಹೋಬೋ’ಗಳ ಬಗ್ಗೆ 1923ರಲ್ಲಿ ಬರೆದ ಪುಸ್ತಕ, ಶಾಸ್ತ್ರಗ್ರಂಥವಾಗಿಯೂ ಒಳ್ಳೆಯ ವರದಿಯ ಹಾಗೆ ಓದಿಸಿಕೊಳ್ಳುತ್ತದೆ. ಆತ ತಾನೂ ಹಾಗೆ ಅಲೆದಿದ್ದವನು.

ಎಲ್ಲಿಂದ ಓದಲು ಶುರು ಮಾಡಲಿ?

ಹೆಸರಾಂತವರಿಂದ ಬೇಡ. ಟಾಮ್ ವುಲ್ಫ್, ಹಂಟರ್ ಥಾಂಪ್ಸನ್ ಇವರ ಗದ್ಯದಲ್ಲಿ ಅಬ್ಬರ ಹೆಚ್ಚು; ಮೊದಲೇ ಅವರನ್ನು ಓದಿದವರು ಅಬ್ಬರವೇ ಈ ಪ್ರಕಾರದ ಲಕ್ಷಣ ಎಂದುಕೊಳ್ಳುತ್ತಾರೆ. ಜೋಸೆಫ್ ಮಿಚೆಲ್ ಅವರಿಂದ ಆರಂಭಿಸಿ. ಅಲ್ಲಿಂದ ಜೋನ್ ಡಿಡಿಯನ್, ಆಮೇಲೆ ಫ್ರಾನ್ಸೆಸ್ ಫಿಟ್ಜೆರಾಲ್ಡ್. ವುಲ್ಫ್ ಆಮೇಲೆ ಬಂದರೆ ಅವರ ನಿಜವಾದ ಚುರುಕು ತಿಳಿಯುತ್ತದೆ.

## ಬರೆದವರು, ಬರೆದ ಬಗೆ

ಇದನ್ನೆಲ್ಲ ಟಾಮ್ ವುಲ್ಫ್ ಶುರು ಮಾಡಿದ್ದು ಅಂತಾರಲ್ಲ, ನಿಜವೇ?

ಶುರು ಮಾಡಿದವರಲ್ಲ, ಡಂಗುರ ಹೊಡೆದವರು. ಕಥೆ ಮಾತ್ರ ಸ್ವಾರಸ್ಯವಾಗಿದೆ. 1963ರಲ್ಲಿ ‘ಎಸ್ಕ್ವೈರ್’ ಪತ್ರಿಕೆ, ಹಳೆಯ ಕಾರುಗಳನ್ನು ಕೊಯ್ದು ಬೆಸೆದು ಬಣ್ಣ ಬಳಿದು ಶಿಲ್ಪದ ಹಾಗೆ ಮಾಡುವ ಕ್ಯಾಲಿಫೋರ್ನಿಯದ ಹುಡುಗರ ಬಗ್ಗೆ ಬರೆಯಲು ಅವರನ್ನು ಕಳಿಸಿತು. ಹೋಗಿ ಬಂದ ವುಲ್ಫ್‌ಗೆ ಬರೆಯಲು ಕೈ ಓಡಲಿಲ್ಲ. ಟಿಪ್ಪಣಿಗಳನ್ನಾದರೂ ಟೈಪ್ ಮಾಡಿ ಕಳಿಸಿ, ಬೇರೆಯವರಿಂದ ಬರೆಸಿಕೊಳ್ಳುತ್ತೇವೆ ಎಂದು ಸಂಪಾದಕ ಬೈರನ್ ಡೋಬೆಲ್ ಹೇಳಿದಾಗ, ಅವರನ್ನು ಉದ್ದೇಶಿಸಿ ಕಾಗದ ಬರೆಯುವ ಧಾಟಿಯಲ್ಲಿ ರಾತ್ರಿಯೆಲ್ಲ ಕೂತು 49 ಪುಟ ಟೈಪ್ ಮಾಡಿದರು. ಡೋಬೆಲ್ ಮೇಲಿನ ಸಂಬೋಧನೆಯನ್ನು ಹೊಡೆದುಹಾಕಿ ಉಳಿದದ್ದನ್ನು ಹಾಗೆಯೇ ಅಚ್ಚಿಗೆ ಕೊಟ್ಟರು.

ಹತ್ತು ವರ್ಷದ ನಂತರ, 1973ರಲ್ಲಿ, ವುಲ್ಫ್ ಒಂದು ಸಂಕಲನ ತಂದು ಈ ಬರವಣಿಗೆಯ ನಾಲ್ಕು ಉಪಾಯಗಳನ್ನು ಪಟ್ಟಿ ಮಾಡಿದರು: ದೃಶ್ಯದ ಮೇಲೆ ದೃಶ್ಯ ಕಟ್ಟುವುದು, ಸಂಭಾಷಣೆಯನ್ನು ಇಡಿಯಾಗಿ ಕೊಡುವುದು, ಪಾತ್ರದ ಕಣ್ಣಿನಿಂದ ನೋಡುವುದು, ಮತ್ತು ಅಂತಸ್ತನ್ನು ಸೂಚಿಸುವ ಸಣ್ಣ ವಿವರಗಳನ್ನು ಹೆಕ್ಕುವುದು. ನಾಲ್ಕನೆಯದೇ ಅವರ ಸ್ವಂತ ಆಸ್ತಿ. ಯಾವ ಶೂ, ಯಾವ ಕೂದಲು, ಯಾರ ಮುಂದೆ ಯಾರು ಎದ್ದು ನಿಲ್ಲುತ್ತಾರೆ ಎಂಬುದರಲ್ಲಿ ಒಂದು ಗುಂಪಿನ ಇಡೀ ಸಂವಿಧಾನ ಅಡಗಿರುತ್ತದೆ ಎಂದು ಅವರು ತಿಳಿದಿದ್ದರು. ಮೊದಲ ಮೂರನ್ನು ಮಿಚೆಲ್ ಮತ್ತು ಅವರ ಗೆಳೆಯ ಲೀಬ್ಲಿಂಗ್ ಎರಡು ದಶಕ ಮೊದಲೇ ಸದ್ದಿಲ್ಲದೆ ಮಾಡಿ ತೋರಿಸಿದ್ದರು.

ಆ ಜನರ ಜೊತೆ ಇವರು ನಿಜವಾಗಿ ಎಷ್ಟು ದಿನ ಇರುತ್ತಾರೆ? ಅವರು ಹೇಗೆ ಒಳಗೆ ಬಿಟ್ಟುಕೊಳ್ಳುತ್ತಾರೆ?

ವಾರಗಳಿಂದ ವರ್ಷಗಳವರೆಗೆ. ಥಾಂಪ್ಸನ್ ಹೆಲ್ಸ್ ಏಂಜಲ್ಸ್ ಎಂಬ ಮೋಟಾರ್‌ಸೈಕಲ್ ಗುಂಪಿನೊಂದಿಗೆ ಸುಮಾರು ಒಂದು ವರ್ಷ ಓಡಾಡಿದರು. ಕೊನೆಗೆ 1966ರಲ್ಲಿ ಅವರಿಂದಲೇ ಹಿಗ್ಗಾಮುಗ್ಗಾ ಹೊಡೆಸಿಕೊಂಡು ಹೊರಬಿದ್ದರು. ಟೆಡ್ ಕಾನೊವರ್‌ಗೆ ಸೆರೆಮನೆ ಕಾವಲುಗಾರರ ಬದುಕನ್ನು ಬರೆಯುವ ಆಸೆಯಿತ್ತು. ತರಬೇತಿ ಶಾಲೆಯೊಳಗೆ ಪತ್ರಕರ್ತರನ್ನು ಬಿಡುವುದಿಲ್ಲ ಎಂದು ನ್ಯೂಯಾರ್ಕ್ ರಾಜ್ಯದ ಅಧಿಕಾರಿಗಳು ಹೇಳಿದ ಮೇಲೆ ಆತ ಕೆಲಸಕ್ಕೇ ಅರ್ಜಿ ಹಾಕಿ, ಆಯ್ಕೆಯಾಗಿ, ಸಿಂಗ್ ಸಿಂಗ್ ಸೆರೆಮನೆಯಲ್ಲಿ ಒಂದು ವರ್ಷದ ಹತ್ತಿರ ಬೀಗದ ಕೈ ಹಿಡಿದು ದುಡಿದರು. ಪುಸ್ತಕ 2000ದಲ್ಲಿ ಬಂತು. ಸೂಸನ್ ಆರ್ಲೀನ್ ಫ್ಲಾರಿಡದ ಫಕಹ್ಯಾಚೀ ಜೌಗಿನಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಡೆದರು, ಆರ್ಕಿಡ್ ಹುಚ್ಚಿನವರು ಪ್ರಾಣ ಬಿಡುವ ಆ ‘ಭೂತ ಆರ್ಕಿಡ್’ ಅರಳಿದ್ದನ್ನು ಕಡೆಗೂ ಕಾಣಲಿಲ್ಲ. ಪುಸ್ತಕದಲ್ಲಿ ಅದನ್ನು ಹಾಗೆಯೇ ಒಪ್ಪಿಕೊಂಡಿದ್ದಾರೆ. ಹೂ ಸಿಗದ ಆ ಬರಿಗೈಯೇ ಪುಸ್ತಕಕ್ಕೆ ಬಲ ತಂದಿದೆ.

ಒಳಗೆ ಬಿಟ್ಟುಕೊಳ್ಳುವುದಕ್ಕೆ ದೊಡ್ಡ ಗುಟ್ಟೇನೂ ಇಲ್ಲ. ಮೊದಲ ದಿನ ಬಂದವನನ್ನು ಎಲ್ಲರೂ ಗಮನಿಸುತ್ತಾರೆ, ಇಪ್ಪತ್ತನೆಯ ದಿನವೂ ಬಂದವನನ್ನು ಯಾರೂ ಗಮನಿಸುವುದಿಲ್ಲ. ಗೇ ಟಲೀಸ್ ಮಾತಿನ ನಡುವೆ ನೋಟ್‌ಬುಕ್ ತೆರೆಯುತ್ತಿರಲಿಲ್ಲ. ಡ್ರೈಕ್ಲೀನಿಂಗ್‌ನಿಂದ ಬರುವ ಶರ್ಟಿನೊಳಗಿನ ರಟ್ಟನ್ನು ಜೇಬಿಗೆ ಹೊಂದುವಂತೆ ಕತ್ತರಿಸಿಟ್ಟುಕೊಂಡು, ಸಮಯ ನೋಡಿ ಅದರ ಮೇಲೆ ನಾಲ್ಕು ಮಾತು ಗೀಚಿಕೊಳ್ಳುತ್ತಿದ್ದರು. ಅವರು ದರ್ಜಿಯ ಮಗ.

ಹೊಗಳಿದ್ದು ಸಾಕು, ಒಂದು ಪ್ರಬಂಧವನ್ನು ಬಿಡಿಸಿ ತೋರಿಸಿ.

ಆಗಲಿ. ಮಿಚೆಲ್ 1949ರಲ್ಲಿ ‘ನ್ಯೂಯಾರ್ಕರ್’ಗಾಗಿ ಬರೆದ, ಮೊಹಾಕ್ ಮೂಲನಿವಾಸಿಗಳನ್ನು ಕುರಿತ ಪ್ರಬಂಧವನ್ನು ತೆಗೆದುಕೊಳ್ಳೋಣ. ಕೆನಡಾದ ಮಾಂಟ್ರಿಯಲ್ ಪಕ್ಕದಲ್ಲಿ, ಸೇಂಟ್ ಲಾರೆನ್ಸ್ ನದಿಯ ದಡದಲ್ಲಿ ಕಾನವಾಕೆ ಎಂಬುದು ಇವರ ಊರು. 1886ರಲ್ಲಿ ಅಲ್ಲಿ ರೈಲು ಸೇತುವೆ ಕಟ್ಟುವಾಗ, ಊರಿನ ಜಾಗ ಬಳಸಿಕೊಂಡದ್ದಕ್ಕೆ ಪ್ರತಿಯಾಗಿ ಕೂಲಿ ಕೆಲಸ ಕೊಡುತ್ತೇವೆ ಎಂದರು. ಸಾಮಾನು ಇಳಿಸುವ ಕೆಲಸಕ್ಕೆಂದು ಬಂದ ಹುಡುಗರು ಬಿಡುವು ಸಿಕ್ಕಾಗಲೆಲ್ಲ ಸೇತುವೆಯ ಮೇಲೆ ಹತ್ತಿ ನಡೆಯತೊಡಗಿದರು, ಉಕ್ಕಿನ ತೊಲೆಗಳನ್ನು ಕೂಡಿಸುವ ರಿವೆಟ್ ಎಂಬ ದಪ್ಪ ಮೊಳೆ ಹೊಡೆಯುವುದನ್ನು ಕಲಿತರು.

ರಿವೆಟ್ ಹೊಡೆಯುವುದೆಂದರೆ ನಾಲ್ವರ ತಂಡದ ಕೆಲಸ. ಒಬ್ಬ ಸಣ್ಣ ಕುಲುಮೆಯಲ್ಲಿ ರಿವೆಟ್ಟನ್ನು ಕೆಂಪಗೆ ಕಾಯಿಸಿ ಇಕ್ಕಳದಿಂದ ಗಾಳಿಯಲ್ಲಿ ಎಸೆಯುತ್ತಾನೆ. ಎರಡನೆಯವನು ಅದನ್ನು ಡಬ್ಬಿಯಲ್ಲಿ ಹಿಡಿದು ಉಕ್ಕಿನ ತೊಲೆಯ ತೂತಿಗೆ ತೂರಿಸುತ್ತಾನೆ. ಮೂರನೆಯವನು ಹಿಂದಿನಿಂದ ಕಬ್ಬಿಣದ ದಪ್ಪ ಸರಳನ್ನು ಒತ್ತಿ ಹಿಡಿಯುತ್ತಾನೆ. ನಾಲ್ಕನೆಯವನು ಮುಂದಿನಿಂದ ಗಾಳಿಯ ಸುತ್ತಿಗೆಯಿಂದ ಹೊಡೆದು ಅದರ ತುದಿಯನ್ನು ಚಪ್ಪಟೆ ಮಾಡುತ್ತಾನೆ. ಇದೆಲ್ಲ ಆಗುವುದು ನೆಲದಿಂದ ನೂರಾರು ಅಡಿ ಮೇಲೆ, ಒಂದೆರಡು ಹಲಗೆಗಳ ಮೇಲೆ. ಎಸೆದವನ ಕೈಯನ್ನು ಹಿಡಿಯುವವನು ನಂಬಬೇಕು. ಹಾಗಾಗಿ ತಂಡದಲ್ಲಿ ಅಣ್ಣತಮ್ಮಂದಿರು, ಸೋದರಮಾವ ಅಳಿಯಂದಿರು ಇರುತ್ತಿದ್ದರು. ಕಸುಬಿನ ಒಂದು ತಾಂತ್ರಿಕ ವಿವರ ಹೀಗೆ ರಕ್ತಸಂಬಂಧದ ವಿವರವೂ ಆಗುವುದನ್ನು ಮಿಚೆಲ್ ದನಿಯೆತ್ತದೆ ತೋರಿಸುತ್ತಾರೆ.

1907ರ ಆಗಸ್ಟ್ 29ರಂದು ಕಟ್ಟುತ್ತಿದ್ದ ಕ್ವಿಬೆಕ್ ಸೇತುವೆ ಕುಸಿದು ಬಿತ್ತು. ಸತ್ತವರಲ್ಲಿ ಮೂವತ್ತಕ್ಕೂ ಹೆಚ್ಚು ಗಂಡಸರು ಈ ಒಂದೇ ಊರಿನವರು. ಊರಿನ ಸ್ಮಶಾನದಲ್ಲಿ ಅವರಿಗೆ ನೆಟ್ಟ ಶಿಲುಬೆಗಳು ಉಕ್ಕಿನ ತೊಲೆಯಿಂದ ಮಾಡಿದವು. ಇದರ ನಂತರ ಊರು ಆ ಕಸುಬನ್ನೇ ಬಿಟ್ಟೀತು ಎಂದು ಎಲ್ಲರೂ ಎಣಿಸಿದ್ದರು. ಆದದ್ದು ಬೇರೆ. ಹೆಂಗಸರು ಸೇರಿ ಒಂದು ಕಟ್ಟಳೆ ಮಾಡಿದರು: ಇನ್ನು ಮುಂದೆ ಎಲ್ಲ ಗಂಡಸರೂ ಒಂದೇ ಕೆಲಸದ ಮೇಲೆ ಹೋಗಬಾರದು, ಸಣ್ಣ ತಂಡಗಳಾಗಿ ಬೇರೆ ಬೇರೆ ಕಡೆ ಹೋಗಬೇಕು. ಅಷ್ಟು ತಂಡಗಳಿಗೆ ಸೇತುವೆಗಳು ಸಾಲದೆ ಅವರು ಕಟ್ಟಡಗಳ ಉಕ್ಕಿಗೂ ಕೈ ಹಾಕಿದರು, ಊರಿಂದೂರಿಗೆ ಹರಡಿದರು, ನ್ಯೂಯಾರ್ಕಿಗೆ ಬಂದರು. ಬ್ರೂಕ್ಲಿನ್ನಿನ ಉತ್ತರ ಗೊವಾನಸ್‌ನಲ್ಲಿ ಅವರದೊಂದು ಕೇರಿಯೇ ಎದ್ದಿತು. ಅವರ ರೊಟ್ಟಿಗೆ ಬೇಕಾದ ಬಗೆಯ ಜೋಳದ ಹಿಟ್ಟನ್ನು ಅಲ್ಲಿನ ದಿನಸಿ ಅಂಗಡಿಗಳು ತರಿಸಿಡತೊಡಗಿದವು. ಅಲ್ಲಿನ ಪ್ರೆಸ್ಬಿಟೇರಿಯನ್ ಚರ್ಚಿನ ಪಾದ್ರಿ ಅವರ ಭಾಷೆಯನ್ನೇ ಕಲಿತರು. ಮ್ಯಾನ್‌ಹಟನ್ನಿನ ಗಗನಚುಂಬಿಗಳ ಹಿಂದೆ ನದೀ ದಂಡೆಯ ಹೆಂಗಸರ ಒಂದು ತೀರ್ಮಾನವೂ ಇದೆ ಎಂಬುದು ದಿನಪತ್ರಿಕೆಯ ಸುದ್ದಿಯಲ್ಲಿ ಎಂದೂ ಸಿಗುತ್ತಿರಲಿಲ್ಲ.

ರಜನೀಶರ ಊರಿನ ಬಗ್ಗೆ ಸಾಕಷ್ಟು ಓದಿದ್ದೇವೆ, ಚಿತ್ರಗಳನ್ನೂ ನೋಡಿದ್ದೇವೆ. ಈ ಲೇಖಕರು ಬೇರೇನು ಹೇಳಿದ್ದಾರೆ?

ಫ್ರಾನ್ಸೆಸ್ ಫಿಟ್ಜೆರಾಲ್ಡ್ ಅದನ್ನು ಒಂಟಿಯಾಗಿ ನೋಡಲಿಲ್ಲ, ಅದೇ ವಿಶೇಷ. 1986ರಲ್ಲಿ ಬಂದ ಅವರ ಪುಸ್ತಕದಲ್ಲಿ ನಾಲ್ಕು ಲೋಕಗಳಿವೆ: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಲಿಂಗಿಗಳು ಕಟ್ಟಿಕೊಂಡ ಕ್ಯಾಸ್ಟ್ರೋ ಬಡಾವಣೆ, ವರ್ಜೀನಿಯದ ಲಿಂಚ್‌ಬರ್ಗ್‌ನಲ್ಲಿ ಜೆರಿ ಫಾಲ್ವೆಲ್ ಅವರ ಚರ್ಚು, ನಿವೃತ್ತರು ಮಾತ್ರ ವಾಸಿಸುವ ಫ್ಲಾರಿಡದ ಸನ್ ಸಿಟಿ ಸೆಂಟರ್, ಮತ್ತು ಆರಿಗನ್‌ನ ರಜನೀಶಪುರ. ಹೊರನೋಟಕ್ಕೆ ಇವುಗಳಲ್ಲಿ ಮೊದಲೆರಡು ಬದ್ಧ ವೈರಿಗಳು. ಫಾಲ್ವೆಲ್ 1979ರಲ್ಲಿ ‘ಮಾರಲ್ ಮೆಜಾರಿಟಿ’ ಎಂಬ ಸಂಘಟನೆ ಕಟ್ಟಿ ಸಲಿಂಗಿಗಳ ವಿರುದ್ಧ ಗುಡುಗಿದವರು. ಆದರೂ ನಾಲ್ಕು ಕಡೆಯೂ ಜನ ಒಂದೇ ಕೆಲಸ ಮಾಡುತ್ತಿದ್ದಾರೆ ಎಂದು ಲೇಖಕಿ ಕಾಣುತ್ತಾರೆ: ಹಿಂದಿನ ಬದುಕಿನ ಕೊಂಡಿ ಕಳಚಿ, ತಮ್ಮಂಥವರನ್ನು ಕೂಡಿಕೊಂಡು, ಬಾಳನ್ನು ಮೊದಲಿನಿಂದ ಶುರು ಮಾಡುವುದು. 1820, 30ರ ದಶಕಗಳಲ್ಲಿ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ ಎದ್ದ ಧಾರ್ಮಿಕ ಕೋಲಾಹಲದಲ್ಲಿ ಇದರ ಬೇರನ್ನು ಅವರು ಹುಡುಕುತ್ತಾರೆ.

ನಮಗೆ ರಜನೀಶಪುರವೆಂದರೆ ಪುಣೆಯ ಆಶ್ರಮದ ಮುಂದುವರಿಕೆ. ಅವರಿಗೆ ಅದು ಬಹುಮಟ್ಟಿಗೆ ಅಮೆರಿಕದ ಸಂಗತಿ. ಸುಮಾರು 64,000 ಎಕರೆ ಬೆಂಗಾಡನ್ನು 1981ರಲ್ಲಿ ಕೊಂಡು ಅಣೆಕಟ್ಟು, ವಿಮಾನಪಟ್ಟಿ ಕಟ್ಟಿದವರು ಒಳ್ಳೆಯ ಓದು, ಒಳ್ಳೆಯ ಉದ್ಯೋಗ ಇದ್ದ ಪಾಶ್ಚಾತ್ಯರು. 1984ರಲ್ಲಿ ಹತ್ತಿರದ ‘ದ ಡ್ಯಾಲ್ಸ್’ ಪಟ್ಟಣದ ಹೋಟೆಲುಗಳ ಆಹಾರದಲ್ಲಿ ಸಾಲ್ಮೊನೆಲ್ಲ ಬೆರೆಸಿ 751 ಜನರನ್ನು ಕಾಯಿಲೆಗೆ ಕೆಡವಿದ ಕೃತ್ಯ ಬಯಲಾದ ಮೇಲೆ, ‘ಇಷ್ಟು ಓದಿದವರು ಹೇಗೆ?’ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಫಿಟ್ಜೆರಾಲ್ಡ್ ಊರು ಏಳಿಗೆಯಲ್ಲಿದ್ದಾಗಲೂ ಕಂಡಿದ್ದರು, ಕುಸಿದ ಮೇಲೂ ಬರೆದರು. ಹಾಗಾಗಿ ಮೊದಲ ಭಾಗದಲ್ಲಿ ಅವರಿಗೇ ಇದ್ದ ಮೆಚ್ಚುಗೆ ಅಳಿಸಿಹೋಗದೆ ಉಳಿದಿದೆ. ಆಮೇಲಿನ ಜಾಣತನವನ್ನು ಹಿಂದಕ್ಕೆ ತಂದು ತುರುಕದ ಈ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದೆನಿಸುತ್ತದೆ.

ನಮ್ಮವರ ಬಗ್ಗೆ, ಅಂದರೆ ಅಲ್ಲಿಗೆ ಹೋದ ಭಾರತೀಯರ ಬಗ್ಗೆ ಇಂಥ ಬರಹಗಳಿವೆಯೇ?

ಇವೆ. ಎರಡು ವಸ್ತುಗಳು ಹೆಚ್ಚು ಬರೆಸಿಕೊಂಡಿವೆ. ಒಂದು, ಹೆದ್ದಾರಿ ಬದಿಯ ಮೋಟೆಲುಗಳನ್ನು ನಡೆಸುವ ಗುಜರಾತಿ ಪಟೇಲರು. ಇನ್ನೊಂದು, ಇಂಗ್ಲಿಷ್ ಪದಗಳ ಕಾಗುಣಿತ ಒಪ್ಪಿಸುವ ಮಕ್ಕಳ ರಾಷ್ಟ್ರೀಯ ಸ್ಪರ್ಧೆ. 1925ರಿಂದ ನಡೆಯುತ್ತಿರುವ ಈ ಸ್ಪರ್ಧೆಯನ್ನು 1985ರಲ್ಲಿ ಬಾಲು ನಟರಾಜನ್ ಗೆದ್ದ ಮೇಲೆ ಭಾರತೀಯ ಮನೆಗಳಲ್ಲಿ ಅದೊಂದು ವ್ರತವೇ ಆಯಿತು. 2019ರಲ್ಲಿ ಪದಗಳ ಪಟ್ಟಿ ಮುಗಿದರೂ ಮಕ್ಕಳು ಸೋಲದೆ ಎಂಟು ಜನರನ್ನು ಒಟ್ಟಿಗೆ ವಿಜೇತರೆಂದು ಸಾರಬೇಕಾಯಿತು, ಅವರಲ್ಲಿ ಏಳು ಮಂದಿ ಭಾರತೀಯ ಮೂಲದವರು. ಅಮೆರಿಕದ ಕನ್ನಡ ಕೂಟಗಳೆಲ್ಲ ಎರಡು ವರ್ಷಕ್ಕೊಮ್ಮೆ ಸೇರುವ ‘ಅಕ್ಕ’ ಸಮ್ಮೇಳನವೂ ಇಂಥ ಬರಹಕ್ಕೆ ಹೇಳಿ ಮಾಡಿಸಿದ ವಸ್ತು. ಊಟದ ಸಾಲಿನಲ್ಲಿ ನಿಂತರೆ ಅರ್ಧ ಪ್ರಬಂಧ ಅಲ್ಲೇ ಸಿಕ್ಕೀತು.

## ಸತ್ಯ ಮತ್ತು ಸಾಲ

ಇಷ್ಟು ಸೊಗಸಾಗಿದೆ ಅಂದರೆ ಕಟ್ಟಿದ ಕಥೆಯೇ ಇರಬೇಕು. ಸುಳ್ಳು ಬರೆದು ಸಿಕ್ಕಿಬಿದ್ದವರಿಲ್ಲವೇ?

ಇದ್ದಾರೆ, ನಾನು ಆರಾಧಿಸುವವರೂ ಇದ್ದಾರೆ. 1976ರಲ್ಲಿ ‘ನ್ಯೂಯಾರ್ಕ್’ ಪತ್ರಿಕೆಯಲ್ಲಿ ನಿಕ್ ಕೋನ್ ಎಂಬ ಲೇಖಕ ಬ್ರೂಕ್ಲಿನ್ನಿನ ಡಿಸ್ಕೋ ಹುಡುಗರ ಬಗ್ಗೆ ಬರೆದರು. ವಾರವೆಲ್ಲ ಅಂಗಡಿಯಲ್ಲಿ ದುಡಿದು ಶನಿವಾರ ರಾತ್ರಿ ನೃತ್ಯದ ನೆಲದ ಮೇಲೆ ರಾಜನಾಗುವ ಹುಡುಗನ ಆ ಚಿತ್ರವನ್ನು ಆಧರಿಸಿ ಮರುವರ್ಷವೇ ಜಗತ್ತಿನಾದ್ಯಂತ ಓಡಿದ ಚಲನಚಿತ್ರ ಬಂತು. ಆ ಹುಡುಗ ಕಲ್ಪನೆಯವನು, ಹಿಂದೆ ಲಂಡನ್ನಿನಲ್ಲಿ ಕಂಡಿದ್ದ ಒಬ್ಬನ ಮೇಲೆ ರೂಪಿಸಿದ್ದು ಎಂದು ಎಷ್ಟೋ ವರ್ಷಗಳ ಮೇಲೆ ಲೇಖಕರೇ ಒಪ್ಪಿಕೊಂಡರು. ನ್ಯೂಯಾರ್ಕಿನ ಒಂದು ಉಪಸಂಸ್ಕೃತಿಯ ದಾಖಲೆ ಎಂದು ಲೋಕವೇ ನಂಬಿದ್ದು ಲಂಡನ್ನಿನ ನೆನಪಾಗಿತ್ತು.

ಮಿಚೆಲ್ ಅವರ ಸಂಗತಿ ಇದಕ್ಕಿಂತ ನೋವಿನದು. ಫುಲ್ಟನ್ ಮೀನು ಮಾರುಕಟ್ಟೆಯ ಸುತ್ತ ಬದುಕುವ ಮುದುಕನೊಬ್ಬನ ಬಗ್ಗೆ ಅವರು ಬರೆದದ್ದನ್ನು ಓದುಗರು ನಿಜವೆಂದೇ ಓದಿದರು. 1948ರಲ್ಲಿ ಪುಸ್ತಕವಾದಾಗ, ಆ ಮುದುಕ ಹಲವರನ್ನು ಸೇರಿಸಿ ಮಾಡಿದ ಪಾತ್ರ ಎಂದು ಅವರೇ ಬರೆದರು. 2015ರಲ್ಲಿ ಬಂದ ಅವರ ಜೀವನಚರಿತ್ರೆ, ಇನ್ನೂ ಕೆಲವು ಪಾತ್ರಗಳು ಹಾಗೆಯೇ ಎಂದು ತೋರಿಸಿತು. ‘ಆ ಕಾಲದಲ್ಲಿ ಅದು ನಡೆಯುತ್ತಿತ್ತು’ ಎಂಬ ಸಮರ್ಥನೆಯನ್ನು ನಾನೂ ಕೆಲವು ಸಲ ಹೇಳಿದ್ದೇನೆ, ಈಗ ಹೇಳುವುದಿಲ್ಲ. ಕಾದಂಬರಿ ಎಂದು ಕರೆದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ನಿಜ ಎಂಬ ಹೆಸರಿನಲ್ಲಿ ಓದುಗರ ವಿಶ್ವಾಸವನ್ನು ಸಾಲ ಪಡೆದ ಮೇಲೆ ಅದನ್ನು ತೀರಿಸಬೇಕು.

ಹಿಪ್ಪಿಗಳ ಬಗ್ಗೆ ಡಿಡಿಯನ್ ಬರೆದದ್ದರಲ್ಲಿ ಮಾದಕ ವಸ್ತು ತಿಂದ ಮಗು ಬರುತ್ತದೆ. ಆಯಮ್ಮ ನೋಡಿಕೊಂಡು ಸುಮ್ಮನಿದ್ದರೇ?

ಈ ಪ್ರಶ್ನೆ ಕೇಳಿದವರಲ್ಲಿ ಹೆಚ್ಚಿನವರು ಹೆಂಗಸರು, ಕೇಳುವಾಗ ಅವರ ದನಿಯಲ್ಲಿ ಸಿಟ್ಟಿರುತ್ತಿತ್ತು. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೇಟ್-ಆಶ್‌ಬರಿ ಬಡಾವಣೆಗೆ ಹೋದ ಡಿಡಿಯನ್, ಹೂವು ಮುಡಿದ ಕ್ರಾಂತಿಯನ್ನು ಕಾಣಲಿಲ್ಲ. ಮನೆ ಬಿಟ್ಟು ಬಂದ, ಒಂದು ವಾಕ್ಯವನ್ನು ನೆಟ್ಟಗೆ ಮುಗಿಸಲಾರದ ಮಕ್ಕಳನ್ನು ಕಂಡರು. ಪ್ರಬಂಧದ ಕೊನೆಯ ಭಾಗದಲ್ಲಿ, ತಾಯಿಯೇ ಎಲ್‌ಎಸ್‌ಡಿ ಕೊಟ್ಟಿರುವ ಐದು ವರ್ಷದ ಹುಡುಗಿಯ ಮುಂದೆ ಲೇಖಕಿ ಕೂತಿದ್ದಾರೆ. ಐವತ್ತು ವರ್ಷದ ನಂತರ, 2017ರ ಸಾಕ್ಷ್ಯಚಿತ್ರದಲ್ಲಿ, ಆ ಗಳಿಗೆ ಹೇಗಿತ್ತು ಎಂದು ಅವರ ಗಂಡನ ಅಣ್ಣನ ಮಗ ಕೇಳುತ್ತಾರೆ. ಡಿಡಿಯನ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಬರೆಯುವವರಿಗೆ ಅದು ಚಿನ್ನ ಸಿಕ್ಕಂತೆ ಎಂಬರ್ಥದ ಉತ್ತರ ಕೊಡುತ್ತಾರೆ.

ಆ ಉತ್ತರ ಕ್ರೂರ, ಮತ್ತು ನಿಜ. ಪ್ರಬಂಧ ಆ ಮಗುವಿನ ಬಗ್ಗೆ ಮುಂದೇನೂ ಹೇಳುವುದಿಲ್ಲ. ಅದನ್ನು ಓದಿದ ಲಕ್ಷಾಂತರ ತಂದೆತಾಯಿಯರಿಗೆ ಒಂದು ಭ್ರಮೆ ಹರಿದಿರಬಹುದು, ಆದರೆ ಆ ಮಗುವಿಗೆ ಅದರಿಂದ ಏನೂ ಸಿಗಲಿಲ್ಲ. ಈ ಎರಡನ್ನು ತಕ್ಕಡಿಯಲ್ಲಿಟ್ಟು ತೂಗಲು ನನ್ನಿಂದ ಆಗಿಲ್ಲ.

ಬರೆಸಿಕೊಂಡವರು ಓದಿದ ಮೇಲೆ ಏನಂತಾರೆ?

ಬಹಳ ಸಲ, ಮೋಸವಾಯಿತು ಎನ್ನುತ್ತಾರೆ. 1936ರ ಬೇಸಿಗೆಯಲ್ಲಿ ಜೇಮ್ಸ್ ಏಜೀ ಮತ್ತು ಛಾಯಾಗ್ರಾಹಕ ವಾಕರ್ ಇವಾನ್ಸ್ ಅಲಬಾಮದಲ್ಲಿ ಹತ್ತಿ ಬೆಳೆಯುವ ಮೂರು ಬಡ ಗೇಣಿದಾರ ಕುಟುಂಬಗಳೊಂದಿಗಿದ್ದು ಬರೆದದ್ದು 1941ರಲ್ಲಿ ಪುಸ್ತಕವಾಯಿತು. ಇಂಥ ಗೌರವದಿಂದ, ಇಷ್ಟು ತಪ್ಪಿತಸ್ಥ ಭಾವದಿಂದ ಬಡವರ ಬಗ್ಗೆ ಬರೆದವರು ಕಡಿಮೆ, ಹೆಸರುಗಳನ್ನೂ ಬದಲಿಸಿದ್ದರು. ಆದರೂ ಅರ್ಧ ಶತಮಾನದ ನಂತರ ಬೇರೊಬ್ಬ ಪತ್ರಕರ್ತ ಆ ಕುಟುಂಬಗಳನ್ನು ಹುಡುಕಿಕೊಂಡು ಹೋದಾಗ, ಆ ಪಟಗಳಿಂದ ತಮಗೆ ಅವಮಾನವಾಯಿತು ಎಂದವರು ಮಕ್ಕಳು ಮೊಮ್ಮಕ್ಕಳಲ್ಲಿ ಇದ್ದರು. ಅಮೆರಿಕದ ಶ್ರೇಷ್ಠ ಛಾಯಾಚಿತ್ರ ಎಂದು ಸಂಗ್ರಹಾಲಯದಲ್ಲಿ ತೂಗುವುದು ಅವರಿಗೆ ಕೊಳೆ ಬಟ್ಟೆಯಲ್ಲಿ, ಬರಿಗಾಲಲ್ಲಿ ನಿಂತ ಅಜ್ಜಿ.

ಪತ್ರಕರ್ತ ಮೊದಲು ವಿಶ್ವಾಸ ಗಳಿಸುತ್ತಾನೆ, ಆಮೇಲೆ ಅದನ್ನು ಬಳಸಿಕೊಳ್ಳುತ್ತಾನೆ, ಈ ಕೆಲಸದ ಒಳಗೇ ದ್ರೋಹವಿದೆ ಎಂದು 1989ರಲ್ಲಿ ಜಾನೆಟ್ ಮಾಲ್ಕಮ್ ವಾದಿಸಿದರು. ತಾವೂ ಅದೇ ಕಸುಬಿನವರಾಗಿದ್ದು ಹಾಗೆಂದರು ಎಂಬುದನ್ನು ಮರೆಯಬಾರದು.

## ಆಳಕ್ಕಿಳಿದವರು ಕೇಳುವವು

ನೀವು ಹೇಳುವ ಹೆಸರುಗಳೆಲ್ಲ ಬಿಳಿಯರದ್ದೇ. ನೋಡುವವರು ಒಂದು ಕಡೆ, ನೋಡಿಸಿಕೊಳ್ಳುವವರು ಇನ್ನೊಂದು ಕಡೆ ಅಂತಾಯಿತಲ್ಲ?

ಆಕ್ಷೇಪ ನ್ಯಾಯವಾದದ್ದು. ಮೇಲೆ ಹೊಗಳಿದ ಮೊಹಾಕ್ ಪ್ರಬಂಧವೇ ಇದಕ್ಕೆ ಸಾಕ್ಷಿ: ಅದು ಹರಡಿದ ‘ಈ ಜನರಿಗೆ ಎತ್ತರದ ಭಯವೇ ಇಲ್ಲ’ ಎಂಬ ಮಾತು ಗಾದೆಯಂತಾಯಿತು. ಭಯವಿತ್ತು, ಅದನ್ನು ಹತೋಟಿಯಲ್ಲಿಡುವುದನ್ನು ಕಲಿತಿದ್ದರು ಎಂದು ಆ ಕೆಲಸ ಮಾಡಿದವರೇ ಹೇಳಿದ್ದಾರೆ. ಹುಟ್ಟುಗುಣ ಎಂದುಬಿಟ್ಟರೆ ಕಲಿತ ಕೌಶಲಕ್ಕೆ ಸಿಗಬೇಕಾದ ಮರ್ಯಾದೆ ತಪ್ಪುತ್ತದೆ. ನಮ್ಮಲ್ಲೂ ಕುಲಕಸುಬುಗಳ ಬಗ್ಗೆ ಇದೇ ಧಾಟಿಯ ಮಾತು ಕೇಳಿದ್ದೇವೆ.

ಒಳಗಿನಿಂದ ಬರೆದವರಲ್ಲಿ ಝೋರಾ ನೀಲ್ ಹರ್ಸ್ಟನ್ ಅವರನ್ನು ಬಿಡುವಂತಿಲ್ಲ. ಫ್ಲಾರಿಡದ ಈಟನ್‌ವಿಲ್, 1887ರಲ್ಲಿ ಸ್ಥಾಪನೆಯಾದ ಕರಿಯರದೇ ಆಡಳಿತದ ಊರು. ಅವರು ಬೆಳೆದದ್ದು ಅಲ್ಲಿ. ನ್ಯೂಯಾರ್ಕಿನಲ್ಲಿ ಮಾನವಶಾಸ್ತ್ರ ಓದಿ ಅದೇ ಊರಿಗೆ ಮರಳಿ, ಅಂಗಡಿ ಜಗುಲಿಯ ಮೇಲೆ ಗಂಡಸರು ಕೂತು ಬಿಡುವ ಬುರುಡೆ ಕಥೆಗಳನ್ನು ಸಂಗ್ರಹಿಸಿದರು. 1935ರಲ್ಲಿ ಪುಸ್ತಕ ಬಂತು. ಅಲ್ಲಿ ಅವರು ಕಾರಿನಲ್ಲಿ ಬಂದ ಸಂಶೋಧಕಿಯೂ ಹೌದು, ಎಲ್ಲರಿಗೂ ಗೊತ್ತಿರುವ ಊರಿನ ಹುಡುಗಿಯೂ ಹೌದು. ಅವರು ಬಡತನದಲ್ಲಿ ತೀರಿಕೊಂಡರು. ಗುರುತಿಲ್ಲದ ಅವರ ಸಮಾಧಿಯನ್ನು 1973ರಲ್ಲಿ ಆಲಿಸ್ ವಾಕರ್ ಹುಡುಕಿ ಕಲ್ಲು ನೆಡಿಸಿದರು.

ಈಗ ಎಲ್ಲ ಗುಂಪಿನವರೂ ತಮ್ಮ ವಿಡಿಯೊ ತಾವೇ ಮಾಡಿ ಹಾಕುತ್ತಾರೆ. ಹೊರಗಿನ ಲೇಖಕರ ಅಗತ್ಯ ಇನ್ನೂ ಇದೆಯೇ?

ಇದೆ. ಗುಂಪು ತನ್ನ ಬಗ್ಗೆ ಹೇಳಿಕೊಳ್ಳುವುದು ತಾನು ಕಾಣಬಯಸುವ ರೂಪವನ್ನು. ಮನೆ ಕಳೆದುಕೊಂಡೋ ಮಾರಿಯೋ ವ್ಯಾನಿನಲ್ಲಿ ಬದುಕುವ ಹಿರಿಯರು ತಮ್ಮ ಸ್ವಾತಂತ್ರ್ಯದ ಬಗ್ಗೆ, ಅರಿಜೋನದ ಮರುಭೂಮಿಯಲ್ಲಿ ಚಳಿಗಾಲದಲ್ಲಿ ಸೇರುವ ಜಾತ್ರೆಯ ಬಗ್ಗೆ ಎಷ್ಟೋ ವಿಡಿಯೊ ಮಾಡಿದ್ದಾರೆ. ಜೆಸಿಕಾ ಬ್ರೂಡರ್ ಅವರೊಡನೆ ತಾವೂ ವ್ಯಾನಿನಲ್ಲಿ ತಿರುಗಿ, ಬೀಟ್‌ರೂಟ್ ಜಾತಿಯ ಸಕ್ಕರೆ ಗಡ್ಡೆಯ ಕಟಾವಿನಲ್ಲಿ, ದಾಸ್ತಾನು ಮಳಿಗೆಯಲ್ಲಿ ದುಡಿದು ನೋಡಿ ಬರೆದ ಪ್ರಬಂಧ 2014ರಲ್ಲೂ ಪುಸ್ತಕ 2017ರಲ್ಲೂ ಬಂದವು. ಸ್ವಾತಂತ್ರ್ಯದ ಮಾತು ಸುಳ್ಳೆಂದು ಅವರು ಹೇಳುವುದಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಕಾಂಕ್ರೀಟ್ ನೆಲದ ಮೇಲೆ ಹತ್ತು ತಾಸು ನಡೆಯುವ ಮೊಣಕಾಲನ್ನು ಅದರ ಪಕ್ಕದಲ್ಲಿಡುತ್ತಾರೆ, ಅಷ್ಟೆ.

ಕನ್ನಡಕ್ಕೆ ತರುವಾಗ ಆ ಗುಂಪುಗಳ ಒಳಮಾತನ್ನು ಏನು ಮಾಡುತ್ತೀರಿ?

ಹೆಚ್ಚಿನ ಸಲ ಸೋಲುತ್ತೇನೆ. ಮೊಹಾಕ್ ಕೆಲಸಗಾರರು ಊರು ಬಿಟ್ಟು ದೂರದ ಕೆಲಸಕ್ಕೆ ಹೋಗುವುದಕ್ಕೆ ‘ಬೂಮಿಂಗ್ ಔಟ್’ ಎನ್ನುತ್ತಾರೆ. ಮೊದಲ ಕರಡಿನಲ್ಲಿ ಅವರನ್ನು ‘ಅಲೆಮಾರಿ’ ಎಂದು ಬರೆದಿದ್ದೆ. ಅದನ್ನು ಓದಿದ, ಕಟ್ಟಡಗಳಲ್ಲಿ ವೆಲ್ಡಿಂಗ್ ಮಾಡುವ ರಾಯಚೂರು ಕಡೆಯ ಗೆಳೆಯರೊಬ್ಬರು ಒಪ್ಪಲಿಲ್ಲ. ‘ಅಲೆಮಾರಿಗೆ ಮನಿ ಇರಂಗಿಲ್ರಿ. ಇವರು ಶುಕ್ರವಾರ ಬಂತಂದ್ರ ಮನಿ ಕಡೆ ಓಡತಾರಲ್ಲ’ ಎಂದರು. ಅವರೆಂದದ್ದು ಸರಿ: ವಾರದ ಕೆಲಸ ಮುಗಿಸಿ ಬ್ರೂಕ್ಲಿನ್ನಿನಿಂದ ಕಾನವಾಕೆಗೆ ರಾತ್ರಿಯಿಡೀ ಕಾರು ಓಡಿಸಿಕೊಂಡು ಹೋಗಿ, ಭಾನುವಾರ ರಾತ್ರಿ ಹಿಂತಿರುಗುವುದು ಅವರ ರೂಢಿಯಾಗಿತ್ತು.

ಹಾಗಾದರೆ ‘ಗುಳೆ ಹೋಗುವುದು’ ಎನ್ನಲೇ ಎಂದೆ. ಅದಕ್ಕೂ ತಲೆಯಾಡಿಸಲಿಲ್ಲ. ಗುಳೆ ಎಂದರೆ ಬರ, ಬೀಗ ಹಾಕಿದ ಮನೆ, ಕಂಕುಳಲ್ಲಿ ಮಗು. ಇವರು ಯೂನಿಯನ್ ಕೂಲಿ ಎಣಿಸಿಕೊಂಡು, ತಮ್ಮ ಕೈಚಳಕದ ಜಂಬದಲ್ಲಿ ಹೋಗುತ್ತಿದ್ದವರು. ಕೊನೆಗೆ ಅವರೇ, ‘ನಮ್ ಕಡೆ ದುಡಿಯಾಕ ಹೋಗ್ಯಾನ ಅಂತೀವ್ರಿ, ಅಷ್ಟ’ ಎಂದರು. ಈಗ ಕರಡಿನಲ್ಲಿ ‘ದುಡಿಯಲು ಹೋಗುವುದು’ ಎಂದಿದೆ. ಜಂಬ ಅದರಲ್ಲಿ ಇನ್ನೂ ಬಂದಿಲ್ಲ.